ಎರಡು ರಾಟೆಯ ಬಾವಿ

ಕಳೆದ ಮಾರ್ಚಿನಲ್ಲಿ ಸುಬ್ರಹ್ಮಣ್ಯದ ಒಂದು ವಸತಿಗೃಹದ ಜಗಲಿಯಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಬಾಗಿಲ ಬದಿಯಲ್ಲಿ ಚಂದಕ್ಕೆಂದು ಇಟ್ಟಿದ್ದ ಹಳೆಯ ತಾಮ್ರದ ಹಂಡೆಯನ್ನು ಅಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬರು ಅಂಗಳಕ್ಕೆ ಉರುಳಿಸಿಕೊಂಡು ಬಂದು ಹುಣಸೆಹುಳಿ ಹಾಕಿ ತಿಕ್ಕತೊಡಗಿದರು. ಬಿಸಿಲಿಗೆ ಕಾದ ತಾಮ್ರ, ಅದರ ಮೇಲೆ ಹುಳಿ. ಆ ವಾಸನೆ ಮೂಗಿಗಿಂತ ಮೊದಲು ಹಲ್ಲಿನ ಬುಡಕ್ಕೆ ತಾಗುತ್ತದೆ. ಪುತ್ತೂರಿನ ನೇರ ಬಸ್ಸು ಬಂತು. ಅದನ್ನು ಬಿಟ್ಟೆ. ಮುಂದಿನ ಬಸ್ಸಿನಲ್ಲಿ ಹೋಗಿ ಕಡಬದಲ್ಲಿ ಇಳಿದು, ಒಂದು ಕಾಲದಲ್ಲಿ ಅಣ್ಣನ ಮನೆಯಿದ್ದ ಕಡೆಗೆ ನಡೆದೆ.

ಮನೆ ಈಗ ಬೇರೆಯವರದ್ದು. ಬಾವಿ ಇದೆ. ಬೇಲಿಯ ಗೆರೆಯ ಮೇಲೆ ಆ ಹಳೆಯ ಬಾವಿ, ಅಲ್ಲಿಂದ ಕೂಗುವ ಅಗತ್ಯವೂ ಇಲ್ಲದಷ್ಟು ಹತ್ತಿರದಲ್ಲಿ ಇನ್ನೊಂದು. ಹೊಸ ಯಜಮಾನರು ನನ್ನನ್ನೇ ಕೇಳಿದರು: "ಇಷ್ಟು ಹತ್ತಿರ ಹತ್ತಿರ ಎರಡು ಬಾವಿ ಎಂತಕ್ಕೆ ತೋಡಿದ್ದು ಅಂತ ನಿಮಗೆ ಏನಾದರೂ ಗೊತ್ತುಂಟಾ? ಎರಡರಲ್ಲಿಯೂ ನೀರುಂಟು."

ಗೊತ್ತುಂಟು. ಆದರೆ ನಿಂತುಕೊಂಡು ಹೇಳಿ ಮುಗಿಸುವಂಥದ್ದಲ್ಲ.

ಅರುವತ್ತರ ದಶಕದ ಮೊದಲ ವರ್ಷಗಳ ಮಾತು ಅದು. ನಾನು ಆಗ ಪುತ್ತೂರಿನಲ್ಲಿ ವಾರಪತ್ರಿಕೆಯೊಂದನ್ನು ಅಚ್ಚುಹಾಕುತ್ತಿದ್ದ ಮುದ್ರಣಾಲಯದಲ್ಲಿದ್ದೆ. ಕರಡು ತಿದ್ದುವುದು, ಊರುಗಳಿಂದ ಬಂದ ಸುದ್ದಿಗಳನ್ನು ಕತ್ತರಿಸಿ ಕಿರಿದು ಮಾಡುವುದು ನನ್ನ ಕೆಲಸ. ನಮ್ಮ ಸಂಪಾದಕರು ನನಗೆ ಕಲಿಸಿದ್ದು ಒಂದೇ ಪಾಠ. ಕಂಡದ್ದು ಬೇರೆ, ಕೇಳಿದ್ದು ಬೇರೆ, ಅಂದಾಜು ಮಾಡಿದ್ದು ಬೇರೆ. ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಬೇಡ ಎನ್ನುತ್ತಿದ್ದರು. ಅಣ್ಣ ವಾಮನ ಕಡಬದ ಶಾಲೆಯಲ್ಲಿ ಮಾಷ್ಟ್ರು. ಹೊಸ ವರ್ಷದ ಹಬ್ಬ ವಿಷು ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಬಾವಿಯ ಕೆಸರು ತೆಗೆಸಿ, ಕಟ್ಟೆ ಎತ್ತರಿಸಿ, ಮನೆಗೆ ಸುಣ್ಣ ಬಳಿದು ಮುಗಿಸಬೇಕೆಂದು ಅವನಿಗಿತ್ತು. ಶನಿವಾರ ಮಧ್ಯಾಹ್ನಕ್ಕೆ ಶಾಲೆ ಬಿಡುತ್ತದೆ, ಬಂದು ಕೈ ಹಾಕು ಎಂದು ಜನರ ಹತ್ತಿರ ಹೇಳಿ ಕಳಿಸಿದ.

ಬಾವಿಯ ಬಗ್ಗೆ ಮೊದಲು ಹೇಳಬೇಕು. ಅಕ್ಕಪಕ್ಕದ ಎರಡು ಮನೆಗಳನ್ನು ಹಿಂದೆ ಒಬ್ಬರೇ ಧಣಿ ಕಟ್ಟಿಸಿದ್ದು. ಎರಡಕ್ಕೂ ಸೇರಿ ತೋಡಿಸಿದ್ದು ಒಂದು ಬಾವಿ. ಮಾರುವಾಗ ಗಡಿಯ ಗೆರೆ ಬಾವಿಯ ನಡುವಿನಿಂದಲೇ ಹೋಯಿತು. ಒಂದು ಬದಿ ಅಣ್ಣನದ್ದು, ಇನ್ನೊಂದು ಬದಿ ಅದ್ರಾಮ ಬ್ಯಾರಿಗಳದ್ದು; ಬ್ಯಾರಿಗಳೆಂದರೆ ನಮ್ಮ ಕಡೆಯ ಮುಸಲ್ಮಾನರು. ಎರಡು ಕಡೆ ಎರಡು ಕಂಬ, ಎರಡು ರಾಟೆ, ಎರಡು ಹಗ್ಗ. ಬಿದಿರಿನ ಬೇಲಿ ಬಾವಿಕಟ್ಟೆಯ ತನಕ ಬಂದು ನಿಂತು, ಆಚೆ ಬದಿಯಿಂದ ಮತ್ತೆ ಹೊರಡುತ್ತಿತ್ತು. ಬ್ಯಾರಿಗಳದ್ದು ಕರಿಮೆಣಸು ಮತ್ತು ಒಣಮೀನಿನ ವ್ಯಾಪಾರ. ನಮ್ಮ ಬಂಧುಗಳಲ್ಲಿ ಕೆಲವರಿಗೆ ಈ ಏರ್ಪಾಡು ಹಿಡಿಸಿರಲಿಲ್ಲ. ಅವರು ಅಣ್ಣನ ಮನೆಗೆ ಬಂದರೆ ನೀರು ಮುಟ್ಟುತ್ತಿರಲಿಲ್ಲ. ಮಜ್ಜಿಗೆ ಕೇಳಿ ಕುಡಿಯುತ್ತಿದ್ದರು. ಮಜ್ಜಿಗೆಗೆ ಸರಸತ್ತಿಗೆ ಯಾವ ಬಾವಿಯ ನೀರು ಸೇರಿಸುತ್ತಾರೆಂದು ಅವರು ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಬಾವಿಯಲ್ಲಿ ಮೀನುಗಳಿದ್ದವು. ಬಾವಿಗೆ ಮೀನು ಬಿಡುವುದು ನಮ್ಮ ಕಡೆ ಹೊಸತಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ ಎನ್ನುವುದು ಒಂದು. ಮೀನು ಓಡಾಡುತ್ತಿರುವ ತನಕ ನೀರಿಗೆ ದೋಷವಿಲ್ಲ ಎನ್ನುವ ಧೈರ್ಯ ಇನ್ನೊಂದು. ಈ ಮೀನುಗಳನ್ನು ಕುಮಾರಧಾರೆಯಿಂದ ಹಿಡಿದು ತಂದು ಬಿಟ್ಟವರು ಬ್ಯಾರಿಗಳೇ. ದೇವಸ್ಥಾನದ ಹತ್ತಿರದ ದೇವರ ಮೀನಲ್ಲ, ತುಂಬ ಕೆಳಗಿನ ಗುಂಡಿಯದ್ದು ಎಂದು ಆಗ ಅತ್ತಿಗೆ ಅವರಿಂದ ಎರಡೆರಡು ಸಲ ಹೇಳಿಸಿಕೊಂಡಿದ್ದರಂತೆ. ಎಲ್ಲಕ್ಕಿಂತ ದೊಡ್ಡದಕ್ಕೆ ಎರಡೂ ಮನೆಯ ಮಕ್ಕಳು ಸೇರಿ ಪಟೇಲ ಎಂದು ಹೆಸರಿಟ್ಟಿದ್ದರು. ಅಕ್ಕಿ ಹಾಕಿದರೆ ಉಳಿದ ಮೀನುಗಳು ದಾರಿ ಬಿಟ್ಟು ನಿಲ್ಲುತ್ತಿದ್ದವು, ಅದಕ್ಕೆ. ಬೆಳಗ್ಗೆ ಕೊಡಪಾನ ಇಳಿಸುವ ಮೊದಲು ಅಣ್ಣ ನಾಲ್ಕು ಕಾಳು ಅಕ್ಕಿ ಎಸೆದು ಬಗ್ಗಿ ನೋಡುತ್ತಿದ್ದ. ಪಟೇಲ ಮೇಲೆ ಬಂದರೆ ಆ ದಿನದ ನೀರಿಗೆ ಅಪ್ಪಣೆ ಸಿಕ್ಕಿದ ಹಾಗೆ.

ನಾನು ಹೋಗಿ ತಲುಪಿದ ಶನಿವಾರ ಸೆಕೆ ಜೋರಾಗಿತ್ತು. ಗೇರುಹಣ್ಣು ಕೊಳೆತ ವಾಸನೆ ಗುಡ್ಡೆಯಿಂದ ಇಳಿದು ಅಂಗಳದಲ್ಲಿ ನಿಂತಿತ್ತು. ಬೊಳ್ಳು ಎಂಬ ಅಣ್ಣನ ಬಿಳಿ ನಾಯಿ ಬಾವಿಯ ಬದಿಯ ಒದ್ದೆ ಮಣ್ಣಿನಲ್ಲಿ ಹೊಟ್ಟೆ ಒತ್ತಿ ಮಲಗಿತ್ತು. ಬೇಲಿಯ ಪಕ್ಕ ಕೆಂಪುಕಲ್ಲಿನ ರಾಶಿ. ಆಚೆ ಬದಿಯಲ್ಲಿ ಅದ್ರಾಮ ಬ್ಯಾರಿಗಳು ಆ ರಾಶಿಯನ್ನೇ ನೋಡುತ್ತಾ ನಿಂತಿದ್ದರು.

"ಪೇಪರಿನವರು ಬಂದ್ರಾ?" ಎಂದರು ನನ್ನನ್ನು ಕಂಡು. "ಬಾವಿ ಕೆಲಸಕ್ಕೆ ಪೇಪರಿನವರು ಎಂತಕ್ಕೆ ಮಾಷ್ಟ್ರೇ? ಅಷ್ಟು ದೊಡ್ಡ ಸುದ್ದಿಯಾ ಇದು?"

"ಬುಟ್ಟಿ ಹಿಡೀಲಿಕ್ಕೆ ಜನ ಬೇಕಲ್ಲ ಬ್ಯಾರಿಗಳೇ," ಎಂದ ಅಣ್ಣ.

"ಕಲ್ಲು ತುಂಬಾ ಬಂದ ಹಾಗೆ ಕಾಣ್ತದೆ."

"ಕಟ್ಟೆ ಎರಡು ವರಸೆ ಏರಿಸುದು. ಮಕ್ಕಳು ಬಗ್ಗಿ ನೋಡ್ತಾರೆ."

"ಎರಡು ವರಸೆಗೆ ಇದರ ಅರ್ಧ ಸಾಕು."

"ಉಳಿದದ್ದು ಇರ್ಲಿ ಅಂತ."

"ಇರ್ಲಿ ಇರ್ಲಿ. ಕಲ್ಲು ಹಳಸುದಿಲ್ಲ." ಬ್ಯಾರಿಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಡುವಿನಲ್ಲಿ ಗೋಡೆ ಗೀಡೆ ಎಬ್ಬಿಸುದಾದರೆ ಮೊದಲೇ ಒಂದು ಮಾತು ಹೇಳಿ ಆಯ್ತಾ?" ಎಂದರು. ಅಣ್ಣ ಬಗ್ಗಿ ರಾಶಿಯ ಕಲ್ಲು ಸರಿಮಾಡತೊಡಗಿದ. ಅವರು ಹೋಗುವಾಗ ಇನ್ನೊಂದು ಮಾತು ಸೇರಿಸಿದರು: "ನನ್ನನ್ನು ಕೇಳುದಾದರೆ ಈಗ ಬಾವಿ ಮುಟ್ಟುದು ಬೇಡ. ಒಂದು ಮಳೆ ಬಂದು ತಂಪಾಗ್ಲಿ. ಈ ಸೆಕೆಗೆ ಮೀನು ಉಳಿಯುದಿಲ್ಲ."

ಊಟಕ್ಕೆ ಕೂತಾಗ ಆ ಕೊನೆಯ ಮಾತನ್ನು ಅತ್ತಿಗೆ ಮತ್ತೆ ಎತ್ತಿದರು. "ಮೀನು ಉಳಿಯುದಿಲ್ಲ ಅಂದದ್ದು ಕೇಳಿದ್ರಲ್ಲ? ಹೇಗೆ ಹೇಳಿದ್ದು ನೋಡಿ."

"ಅವರಿಗೆ ಈ ಕೆಲಸ ಆಗುದು ಬೇಡ," ಎಂದ ಅಣ್ಣ.

ನಾನು ಅಲ್ಲೇ ಇದ್ದೆ, ಕೇಳಿದ್ದೆ. ಸೆಕೆಯ ಬಗ್ಗೆ ಹೇಳುವವರು ಹೇಳುವ ಹಾಗೆಯೇ ಹೇಳಿದ್ದರು. ಕಲ್ಲು ಅಷ್ಟು ಎಂತಕ್ಕೆ ಎಂದು ಅಣ್ಣನನ್ನು ಕೇಳಿದೆ. ಗಾಡಿಯವ ತಂದು ಸುರಿದ, ವಾಪಸು ಕಳಿಸಲಿಲ್ಲ ಎಂದ. ನನ್ನ ಮುಖ ನೋಡದೆ ಹೇಳಿದ. ಅದು ನಿಜವೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಬಾವಿಗಿಳಿಯಲು ಐತಪ್ಪ ಬಂದ. ಮೊದಲು ಮನೆಯಲ್ಲಿದ್ದ ಪಾತ್ರೆಗಳಿಗೆಲ್ಲ ಎರಡು ದಿನದ ನೀರು ಸೇದಿಟ್ಟೆವು. ಮೀನುಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಕೆಸರು ತೆಗೆದು, ಸುಣ್ಣ ಹಾಕಿ, ನೀರು ತಿಳಿಯಾಗುವ ತನಕ ಅವು ಹೊರಗೇ ಇರಬೇಕು. ಅತ್ತಿಗೆ ಅಟ್ಟದಿಂದ ಒಂದು ಹಂಡೆ ಇಳಿಸಲು ಹೇಳಿದರು. ಅವರ ತವರು ಐವರ್ನಾಡಿನಿಂದ ಮದುವೆಯಲ್ಲಿ ಬಂದ ತಾಮ್ರದ ಹಂಡೆ. ದೊಡ್ಡದು, ಬಚ್ಚಲಿನ ಒಲೆಯ ಮೇಲೆ ಕೂರಿಸಿ ಮಸಿ ಮಾಡಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದರು. ಕಪ್ಪು ಹಿಡಿದು ಕೂತಿತ್ತು.

"ಬಕೆಟಿನಲ್ಲಿ ಹಾಕಿದರೆ ಆಗುದಿಲ್ವಾ?" ಎಂದೆ.

"ಬಾವಿ ಕಾಯುವಂಥವು ಅವು. ಬಕೆಟಿನಲ್ಲಾ?" ಎಂದರು ಅತ್ತಿಗೆ.

ಸೆರಗು ಬಿಗಿದು ಕೂತು ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದರು. ಒಳಗೂ ತಿಕ್ಕಿದರು, ಹೊರಗೂ ತಿಕ್ಕಿದರು. ಕೊನೆಗೆ ಅದು ವಿಷುವಿನ ಬೆಳಗ್ಗೆ ಮೊದಲು ಕಣ್ಣಿಗೆ ಬೀಳಬೇಕಾದ ಕಣಿಯನ್ನು ಇಡಬಹುದಾದಷ್ಟು ಹೊಳೆಯಿತು. ನೆಲ್ಲಿ ಮರದ ನೆರಳಿನಲ್ಲಿ, ಬೇಲಿಗೆ ತಾಗಿಸಿ ಹಂಡೆಯನ್ನಿಟ್ಟು ಬಾವಿಯದೇ ನೀರು ತುಂಬಿಸಿದೆವು.

ಐತಪ್ಪ ಕೆಳಗಿನಿಂದ ಬುಟ್ಟಿಯಲ್ಲಿ ಮೀನು ಕಳಿಸಿದ. ಪಟೇಲ ಬಂದಾಗ ಎರಡೂ ಬದಿಯಿಂದ ಮಕ್ಕಳು ಕೂಗಿದರು. ಅಷ್ಟರಲ್ಲಿ ಆಚೆ ಮನೆಯ ಮಕ್ಕಳದ್ದು ಅಳು ಶುರುವಾಯಿತು, ನಮ್ಮ ಮನೆಯಲ್ಲಿಯೂ ಮೀನು ಇರಬೇಕು ಎಂದು. ಬ್ಯಾರಿಗಳ ಹೆಂಡತಿ ಬೀಪಾತುಮ್ಮ ಬೇಲಿಯ ಮೇಲಿನಿಂದ ಒಂದು ಮಣ್ಣಿನ ಮಡಕೆ ಚಾಚಿದರು. "ಮೂರು ಇದಕ್ಕೆ ಹಾಕಿ. ಇಲ್ಲದಿದ್ದರೆ ಇವು ರಾತ್ರಿ ಊಟ ಮಾಡುದಿಲ್ಲ."

ಅತ್ತಿಗೆ ಮಡಕೆಯನ್ನು ನೋಡಿ ಹಿಂದೆ ಸರಿದರು. "ಅದು ಎಂತದರ ಮಡಕೆ?"

"ಸಾರಿನದ್ದೇ. ಮೀನು ಇದಕ್ಕೆ ಹೊಸತಲ್ಲ," ಎಂದರು ಬೀಪಾತುಮ್ಮ. "ಜೀವ ಇದ್ದದ್ದು ಬರುದು ಮಾತ್ರ ಇದು ಮೊದಲು."

ಐತಪ್ಪ ಬಾವಿಯ ಒಳಗಿನಿಂದ ನಕ್ಕದ್ದು ಮೇಲೆ ಕೇಳಿತು. ಅತ್ತಿಗೆಯೂ ನಕ್ಕರು. ಆ ಎರಡು ದಿನಗಳಲ್ಲಿ ಎರಡೂ ಮನೆ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಸಂಜೆಗೆ ಕೆಸರು ಮುಗಿಯಿತು. ಬ್ಯಾರಿಗಳ ಮನೆಯ ಬೆಕ್ಕಿನ ಮೇಲೆ ನಂಬಿಕೆಯಿಲ್ಲದ್ದರಿಂದ ಅಣ್ಣ ಹಂಡೆಯ ಬಾಯಿಗೆ ಹಲಗೆ ಮುಚ್ಚಿದ. ನಾನು ಕೈಕಾಲು ತೊಳೆಯಲು ಹಿಂದಕ್ಕೆ ಹೋಗಿದ್ದೆ. ಆಗ ನಡೆದದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡವರು ಅತ್ತಿಗೆ ಒಬ್ಬರೇ. ಅದ್ರಾಮ ಬ್ಯಾರಿಗಳು ಬೇಲಿಯ ಹತ್ತಿರ ಬಂದರು, ಆಚೆ ಈಚೆ ನೋಡಿದರು, ಮೇಲಿನಿಂದ ಕೈ ಹಾಕಿ ಹಲಗೆ ಸರಿಸಿದರು, ಮುಷ್ಟಿಯಲ್ಲಿದ್ದದ್ದನ್ನು ನೀರಿಗೆ ಹಾಕಿದರು, ಹಲಗೆ ಮುಚ್ಚಿ ಹೋದರು. ಇದು ಅತ್ತಿಗೆ ಆ ರಾತ್ರಿ ಹೇಳಿದ್ದಲ್ಲ. ಮರುದಿನ ಬೆಳಗ್ಗೆ ಹೇಳಿದ್ದು.

ಏಕೆಂದರೆ ಆದಿತ್ಯವಾರ ಬೆಳಗ್ಗೆ ಹಲಗೆ ತೆಗೆದಾಗ ಹಂಡೆಯಲ್ಲಿದ್ದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಟೇಲ ಬದಿಗೆ ಒರಗಿಕೊಂಡು, ಬಾಯಿ ತೆರೆದುಕೊಂಡಿತ್ತು. ಅಣ್ಣ ಅದನ್ನು ಕೈಯಲ್ಲಿ ಎತ್ತಿದ. ಮತ್ತೆ ಮೆಲ್ಲನೆ ನೀರಿಗೇ ಬಿಟ್ಟ, ಸರಿಯಾಗಬಹುದು ಎಂಬ ಹಾಗೆ. ನಾವು ಹಾಗೆ ನಿಂತಿರುವಾಗ ಬೊಳ್ಳು ಮುಂದಿನ ಕಾಲುಗಳನ್ನು ಹಂಡೆಯ ಕಂಠಕ್ಕೆ ಕೊಟ್ಟು ಲೊಚಲೊಚ ನೀರು ಕುಡಿಯಿತು. ಸ್ವಲ್ಪ ಹೊತ್ತಿಗೆ ಜಗಲಿಗೆ ಹೋಗಿ ವಾಂತಿ ಮಾಡಿತು. ಬೊಳ್ಳು ಅದಕ್ಕೆ ಮೊದಲೂ ಕಂಡದ್ದು ತಿಂದು ವಾಂತಿ ಮಾಡುತ್ತಿದ್ದ ನಾಯಿಯೇ. ಆದರೆ ಆ ಬೆಳಗ್ಗೆ ಅದನ್ನು ಯಾರೂ ನೆನಪು ಮಾಡಿಕೊಳ್ಳಲಿಲ್ಲ.

ಅತ್ತಿಗೆ ಆಗ ಮುಷ್ಟಿಯ ವಿಷಯ ಹೇಳಿದರು. ಹೊಳೆಗೆ ವಿಷದ ಕಾಯಿ ಅರೆದು ಹಾಕಿ ಮೀನು ಹಿಡಿಯುವವರು ಇದ್ದಾರೆ, ಮೀನಿನ ವ್ಯಾಪಾರದವರಿಗೆ ಅಂಥವರ ಪರಿಚಯ ಇರುತ್ತದೆ ಎಂದ ಅಣ್ಣ. ಮೀನು ಉಳಿಯುದಿಲ್ಲ ಎಂದು ಅವರೇ ಮೊದಲು ಹೇಳಿದ್ದು ಎಂದರು ಅತ್ತಿಗೆ. ಅಷ್ಟರಲ್ಲಿ ಅಣ್ಣನ ಮಗಳು ಬೇಲಿಯಿಂದ ಓಡಿಬಂದು, ಆಚೆ ಮನೆಯ ಮಡಕೆಯ ಮೂರೂ ಮೀನು ಚೆನ್ನಾಗಿ ಈಜುತ್ತಿವೆ ಎಂದಳು.

"ಸಾಕಲ್ಲ," ಎಂದ ಅಣ್ಣ. "ಅವರದ್ದು ಬದುಕಿತು, ನಮ್ಮದು ಸತ್ತಿತು. ಇನ್ನೆಂತ ಬೇಕು?"

ನಾನು ಹಂಡೆಯ ತಳ ನೋಡಿದೆ. ನೀರಿನಲ್ಲಿ ಉಬ್ಬಿದ ಅವಲಕ್ಕಿಯ ನಾಲ್ಕು ಕಾಳು ಕಂಡವು. ಅಣ್ಣನಿಗೆ ಹೇಳಿದೆ: "ಅತ್ತಿಗೆ ಕಂಡದ್ದು ಮುಷ್ಟಿ. ನನಗೆ ಕಾಣುದು ಅವಲಕ್ಕಿ. ಉಳಿದದ್ದು ನಮ್ಮ ಅಂದಾಜು."

"ನೀನು ಅವರ ಪಕ್ಷವಾ?"

"ಯಾರ ಪಕ್ಷವೂ ಅಲ್ಲ."

"ಪೇಪರಿನಲ್ಲಿ ಹಾಗೆ ನಡೀತದೆ ಮಾರಾಯ. ಇಲ್ಲಿ ಮಕ್ಕಳು ನೀರು ಕುಡಿಯುದು."

ಹಂಡೆಗೆ ಹಾಕಬಲ್ಲವರು ನಾಳೆ ಬಾವಿಗೂ ಹಾಕಬಲ್ಲರು ಎನ್ನುವುದು ಅವನ ಹೆದರಿಕೆ. ಹೆದರಿಕೆ ಸುಳ್ಳಾಗಿರಲಿಲ್ಲ, ಅದು ಹಿಡಿದ ದಾರಿ ಮಾತ್ರ ಸರಿಯೋ ಅಲ್ಲವೋ ತಿಳಿದಿರಲಿಲ್ಲ. ಅಣ್ಣ ಬಾವಿಕಟ್ಟೆ ಹತ್ತಿ ಆಚೆ ಬದಿಯ ರಾಟೆಯಿಂದ ಬ್ಯಾರಿಗಳ ಹಗ್ಗವನ್ನು ಎಳೆದು ತೆಗೆದ. ಅದನ್ನು ಸುರುಳಿ ಸುತ್ತಿ ಬೇಲಿಯ ಗೂಟಕ್ಕೆ ನೇತುಹಾಕಿದ.

ಬ್ಯಾರಿಗಳು ಹಲ್ಲುಜ್ಜುತ್ತಾ ಬಂದವರು ಹಗ್ಗವನ್ನು ಕಂಡು ನಿಂತರು. ಬಾಯಿ ಮುಕ್ಕಳಿಸಿ ಬಂದು ಕೇಳಿದರು: "ಹಗ್ಗ ಎಂತಕ್ಕೆ ತೆಗೆದದ್ದು ಮಾಷ್ಟ್ರೇ?"

"ನೀರು ಕುಡಿಯುವ ಹಾಗೆ ಉಂಟೋ ಇಲ್ಲವೋ ಗೊತ್ತಿಲ್ಲ."

"ಹಾಗಾದರೆ ನಿಮ್ಮದು ಎಂತಕ್ಕೆ ತೆಗೆಯಲಿಲ್ಲ?"

ಅಣ್ಣ ನಮ್ಮ ಬದಿಯ ರಾಟೆಯ ಕಡೆ ನೋಡಿದ.

"ನೇರ ಮಾತಾಡಿ. ನೀವು ಮಕ್ಕಳಿಗೆ ಪಾಠ ಹೇಳುವವರು."

"ನಿನ್ನೆ ಸಂಜೆ ಹಂಡೆಗೆ ಎಂತ ಹಾಕಿದ್ರಿ?"

"ಅವಲಕ್ಕಿ. ಜಾಗ ಬದಲಾದ ಜೀವ, ಹಸಿದಿರಬಹುದು ಅಂತ." ಬ್ಯಾರಿಗಳು ಆಗಲೇ ಹಂಡೆಯ ಕಡೆ ನೋಡಿದ್ದು. ತೇಲುತ್ತಿದ್ದದ್ದು ಬೇಲಿಯ ಮೇಲಿನಿಂದ ಕಾಣುತ್ತಿತ್ತು. ಅವರ ಮುಖ ಸಣ್ಣದಾಯಿತು. "ಪಟೇಲನೂ ಹೋಯಿತಾ?"

ಬಾಗಿಲಿನ ಒಳಗಿನಿಂದ ಅತ್ತಿಗೆ ಕೇಳಿದರು: "ಅವಲಕ್ಕಿ ಹಾಕುವವರು ಆಚೆ ಈಚೆ ನೋಡಿ ಹಾಕ್ತಾರಾ?"

"ನಿಮ್ಮ ಬೊಳ್ಳು ಎಲ್ಲುಂಟು ಅಂತ ನೋಡಿದ್ದು ಅಕ್ಕಾ. ಕಳೆದ ತಿಂಗಳು ನನ್ನ ಲುಂಗಿ ಹರಿದದ್ದು ನಿಮಗೇ ಗೊತ್ತುಂಟಲ್ಲ."

ಯಾರೂ ನಗಲಿಲ್ಲ. ಹರಿದ ಲುಂಗಿ ನಿಜ, ಅದನ್ನು ನಾನೂ ಕೇಳಿದ್ದೆ. ಆದರೆ ಒಮ್ಮೆ ಸಂಶಯ ಕೂತ ಮೇಲೆ ಒಪ್ಪುವ ಉತ್ತರ ಕೂಡ ಮೊದಲೇ ಯೋಚಿಸಿಟ್ಟದ್ದರ ಹಾಗೆ ಕೇಳುತ್ತದೆ. ಅಣ್ಣನ ಮುಖದಲ್ಲಿ ಅದನ್ನೇ ಕಂಡೆ. ಬ್ಯಾರಿಗಳೂ ಕಂಡಿರಬೇಕು.

ಅವರು ಒಳಗೆ ಹೋದರು. ಮುಗಿಯಿತು ಎಂದುಕೊಂಡೆವು. ಐತಪ್ಪ ಬಂದು ಗಾರೆ ಕಲಸಿದ, ನಾನು ಕಲ್ಲು ಎತ್ತಿಕೊಟ್ಟೆ. ಒಂದು ವರಸೆ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾರಿಗಳು ಬೇಲಿಯ ಹತ್ತಿರವಲ್ಲ, ರಸ್ತೆಯಿಂದ ಸುತ್ತಿ ಬಂದು ನಮ್ಮ ಅಂಗಳದಲ್ಲಿ ನಿಂತರು. ಹಾಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೈಯಲ್ಲಿ ನೀರು ತುಂಬಿದ ಒಂದು ತೆಂಗಿನ ಗೆರಟೆ, ಅದರಲ್ಲಿ ಒಂದು ಜೀವಂತ ಮೀನು.

"ಇದು ನನ್ನ ಮಡಕೆಯದ್ದು," ಎಂದರು. "ನಿಮ್ಮ ಹಂಡೆ ತೊಳೀರಿ. ನೀರು ನಿಮ್ಮದೂ ಬೇಡ, ನನ್ನದೂ ಬೇಡ, ಹರಿಯುವ ತೋಡಿನಿಂದ ತನ್ನಿ. ಇದನ್ನು ಹಾಕಿ. ನಾವಿಬ್ಬರೂ ಕೂತು ನೋಡುವ. ನಾನು ಮುಟ್ಟುದಿಲ್ಲ. ಬದುಕಿದರೆ ನಾನು ಆ ಹಗ್ಗ ಮತ್ತೆ ಕಟ್ಟುದಿಲ್ಲ, ನೀವು ಹೇಳಿದ್ದೇ ಸರಿ ಅಂತ ಆಯ್ತು. ಸತ್ತರೆ ನನಗೆ ನೀವು ಹೇಳಬೇಕು, ವಿಷ ಯಾರು ಹಾಕಿದ್ದು ಅಂತ."

ಅಣ್ಣ ಅವರನ್ನೇ ನೋಡಿದ. ಇದರಲ್ಲಿಯೂ ಏನೋ ಇದೆ ಎಂದು ಅವನಿಗೆ ಅನ್ನಿಸಿರಬೇಕು. ಗೆರಟೆಯನ್ನು ಈಸಿಕೊಂಡು ಮೂಸಿದ. ಆಮೇಲೆ ಅತ್ತಿಗೆಗೆ ಹೇಳಿದ: "ಹಂಡೆ ಸರಿ ತಿಕ್ಕು. ಅಂಶ ಕೂಡ ಉಳಿಯಬಾರದು."

ಅತ್ತಿಗೆ ಹಂಡೆಯನ್ನು ಬರಿದು ಮಾಡಿ, ಎಲ್ಲರ ಎದುರು ಕೂತು ತಿಕ್ಕಿದರು. ನಿನ್ನೆಗಿಂತ ಹೆಚ್ಚು ಹುಳಿ, ನಿನ್ನೆಗಿಂತ ಹೆಚ್ಚು ಹೊತ್ತು. ಸಂಶಯ ಎಷ್ಟಿತ್ತೋ ಅಷ್ಟು ತಿಕ್ಕಿದರು ಎನ್ನಬೇಕು. ತಾಮ್ರ ಕಣ್ಣಿಗೆ ಹೊಡೆಯುವ ಹಾಗಾಯಿತು. ನಾನು ಮತ್ತು ಐತಪ್ಪ ತೋಡಿನಿಂದ ನೀರು ಹೊತ್ತು ತಂದೆವು. ಒಮ್ಮೆ ತೊಳೆದು ಚೆಲ್ಲಿ, ಮತ್ತೆ ತುಂಬಿಸಿ, ಅಣ್ಣನೇ ಗೆರಟೆ ಬಗ್ಗಿಸಿ ಮೀನು ಬಿಟ್ಟ.

ನೆಲ್ಲಿ ಮರದ ಕೆಳಗೆ ಹಂಡೆ, ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ಬ್ಯಾರಿಗಳು. ನಾನು ಬಾವಿಕಟ್ಟೆಯ ಬುಡದಲ್ಲಿ. ಕಲಸಿದ ಗಾರೆ ಬಾಣಲೆಯಲ್ಲಿ ಒಣಗುತ್ತಾ ಬಂತು. ಐತಪ್ಪ ಅದಕ್ಕೆ ನೀರು ಚಿಮುಕಿಸುತ್ತಿದ್ದ, ಕೆಲಸ ಮಾಡುವ ಧೈರ್ಯ ಮಾಡಲಿಲ್ಲ. ಒಮ್ಮೆ ಬ್ಯಾರಿಗಳು ಬೀಡಿಗೆಂದು ಕಿಸೆಗೆ ಕೈ ಹಾಕಿದರು. ಅಣ್ಣನ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಬ್ಯಾರಿಗಳು ಕೈಯನ್ನು ಬರಿದಾಗಿ ಹೊರಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಮತ್ತೆ ಅಲ್ಲಿಂದ ಎತ್ತಲಿಲ್ಲ. ಅಣ್ಣ ಒಮ್ಮೆ ಕೆಮ್ಮಿದ, ಕೆಮ್ಮುವಾಗ ಬಾಯಿಯನ್ನು ಹಂಡೆಯಿಂದ ಆಚೆ ತಿರುಗಿಸಿದ್ದನ್ನು ಬ್ಯಾರಿಗಳು ನೋಡಿದರು. ಇಬ್ಬರೂ ಪರಸ್ಪರ ಕಾವಲು.

ಮೀನು ಮೊದಲು ಸುತ್ತು ಹೊಡೆಯುತ್ತಿತ್ತು. ಆಮೇಲೆ ಒಂದೇ ಕಡೆ ನಿಂತಿತು. ಆಮೇಲೆ ಮೇಲೆ ಬಂದು ಬಾಯಿ ತೆರೆಯತೊಡಗಿತು. ನೆರಳು ಹಂಡೆಯನ್ನು ದಾಟಿ ಬೇಲಿಗೆ ಹೋಗುವ ಹೊತ್ತಿಗೆ ಅದು ಬದಿಗೆ ವಾಲಿತು. ಅಣ್ಣ ಬೆರಳಿನಿಂದ ನೀರು ಅಲುಗಿಸಿದ. ನೆಟ್ಟಗಾಯಿತು, ಮತ್ತೆ ವಾಲಿತು.

ಅತ್ತಿಗೆ ಕಾಪಿ ತಂದವರು ಹಂಡೆಯೊಳಗೆ ನೋಡಿ ಲೋಟಗಳನ್ನು ಕೆಳಗಿಟ್ಟರು. ಇಬ್ಬರು ಗಂಡಸರು ಮೀನನ್ನು ನೋಡುತ್ತಿದ್ದರು. ಅತ್ತಿಗೆ ತಮ್ಮ ಕೈ ನೋಡಿಕೊಂಡರು. ಉಗುರುಗಳ ಸಂದಿಯಲ್ಲಿ ಹಸಿರು ಇತ್ತು. ಬಗ್ಗಿ ನೀರಿಗೆ ಬೆರಳದ್ದಿ ನಾಲಗೆಯ ತುದಿಗೆ ತಾಗಿಸಿಕೊಂಡರು. ಬೇಡ ಎಂದು ಅಣ್ಣ ಕೂಗುವಷ್ಟರಲ್ಲಿ ಆಗಿಹೋಗಿತ್ತು.

"ಕಿಲುಬು," ಎಂದರು.

"ಎಂತ?"

"ಕಿಲುಬು. ತಾಮ್ರದ್ದು." ಅವರ ದನಿ ತುಂಬ ಸಣ್ಣದಿತ್ತು. "ಹುಳಿ ಹಾಕಿದ್ದನ್ನು ತಾಮ್ರದಲ್ಲಿ ಇಡಬಾರದು ಅಂತ ನಾವು ಸಾರು ಇಡುದಿಲ್ಲ, ಮಜ್ಜಿಗೆ ಇಡುದಿಲ್ಲ. ಮೀನಿಗೆ ಆಗುದಿಲ್ಲ ಅಂತ ತಲೆಗೆ ಹೋಗಲಿಲ್ಲ." ಕೈಯನ್ನು ಸೆರಗಿಗೆ ಒರೆಸಿ, "ತಿಕ್ಕಿದ್ದು ನಾನೇ. ಎರಡು ಸಲವೂ," ಎಂದರು.

ನಮ್ಮ ಕಡೆಯ ಯಾವ ಮನೆಯಲ್ಲಿಯೂ ಗೊತ್ತಿಲ್ಲದ ವಿಷಯವಲ್ಲ ಅದು. ಕಲಾಯಿ ಹಾಕಿಸುವುದು ಅದಕ್ಕೇ. ಮೀನುಗಳನ್ನು ಮಾಮೂಲು ಬಕೆಟಿನಲ್ಲೋ ಸಾರಿನ ಮಡಕೆಯಲ್ಲೋ ಹಾಕಿದ್ದರೆ ಬದುಕುತ್ತಿದ್ದವು. ಮನೆಯ ಅತ್ಯಂತ ಒಳ್ಳೆಯ ಪಾತ್ರೆಯನ್ನು ಕೊಟ್ಟದ್ದರಿಂದ, ಅದನ್ನು ಹೊಳೆಯುವ ಹಾಗೆ ಮಾಡಿ ಕೊಟ್ಟದ್ದರಿಂದ ಸತ್ತವು.

ಬೇಲಿಯ ಆಚೆಯಿಂದ ಬೀಪಾತುಮ್ಮ ಹೇಳಿದರು: "ಅದಕ್ಕೆ ಎಂತ ಮಾಡುದು ಸರಸಕ್ಕ? ಪಾತ್ರೆ ತಿಕ್ಕುದು ತಪ್ಪಾ? ಅಳ್ಬೇಡಿ."

ಅಣ್ಣ ಎದ್ದ. ಗೂಟದಿಂದ ಹಗ್ಗ ತೆಗೆದು, ಹಸಿ ಗಾರೆಯ ಮೇಲೆ ಕಾಲಿಡದ ಹಾಗೆ ಕಟ್ಟೆ ಹತ್ತಿ, ಆಚೆ ಬದಿಯ ರಾಟೆಗೆ ಹಾಕಿ ಗಂಟು ಬಿಗಿದ. ಕೆಳಗಿಳಿದು, "ನನ್ನಿಂದ ದೊಡ್ಡ ತಪ್ಪಾಯ್ತು ಬ್ಯಾರಿಗಳೇ," ಎಂದ. ಮಾತು ನುಂಗಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಆಯ್ತು ಮಾಷ್ಟ್ರೇ," ಎಂದರು ಬ್ಯಾರಿಗಳು. "ಮಕ್ಕಳಿರುವ ಮನೆ. ಹೆದರಿಕೆ ಆಗ್ತದೆ." ಕಾಪಿ ಕುಡಿದರು. ರಸ್ತೆಯಿಂದಲೇ ಸುತ್ತಿ ಮನೆಗೆ ಹೋದರು. ಆಮೇಲೆ ತಮ್ಮ ಬದಿಯಿಂದ ನೀರಿಗೆ ಬಂದಾಗ ಅಣ್ಣ ಹಾಕಿದ ಗಂಟನ್ನು ಬಿಚ್ಚಿ, ತಮ್ಮ ರೀತಿಯಲ್ಲಿ ಮತ್ತೆ ಹಾಕಿಕೊಂಡದ್ದನ್ನು ನಾನು ಕಂಡೆ. ಹಗ್ಗ ಅವರದ್ದು, ಗಂಟೂ ಅವರದ್ದೇ ಇರಬೇಕು ಎನ್ನುವುದಕ್ಕಿಂತ ಹೆಚ್ಚು ಅದರಲ್ಲಿ ಓದಬಾರದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಮಡಕೆಯಲ್ಲಿ ಉಳಿದಿದ್ದ ಎರಡು ಮೀನುಗಳನ್ನು, ನೀರು ತಿಳಿಯಾದ ಮೇಲೆ ಅವರೇ ಬಾವಿಗೆ ಬಿಟ್ಟರಂತೆ.

ಮರುವರ್ಷ ಬೇಸಗೆಯಲ್ಲಿ ಬ್ಯಾರಿಗಳು ತಮ್ಮ ಜಾಗದಲ್ಲಿ ಬಾವಿ ತೋಡಿಸುತ್ತಿದ್ದಾರೆ ಎಂದು ತಿಳಿಯಿತು. ಅಷ್ಟರಲ್ಲಿ ಒಮ್ಮೆ ವ್ಯಾಪಾರಕ್ಕೆಂದು ಅವರು ಪುತ್ತೂರಿಗೆ ಬಂದಾಗ ಹೋಟೆಲೊಂದರಲ್ಲಿ ಸಿಕ್ಕಿದರು. ಜಗಳ ಏನಾದರೂ ಆಯಿತೇ ಎಂದು ಕೇಳಿದೆ.

"ಛೆ, ಜಗಳ ಎಂತದು? ಮಾಷ್ಟ್ರು ಆಮೇಲೆ ಎಷ್ಟು ಒಳ್ಳೆದಾಗಿದ್ದಾರೆ ಗೊತ್ತುಂಟಾ? ಬಾವಿಗೆ ಕಲ್ಲು ಕಡಿಮೆ ಬಂತು ಅಂತ ಕೇಳಿ ಆ ಉಳಿದ ಕಲ್ಲು ಅವರೇ ಕಳಿಸಿದ್ದಾರೆ."

"ಮತ್ತೆ?"

ಚಹಾದ ಲೋಟವನ್ನು ಅವರು ಸುಮ್ಮನೆ ತಿರುಗಿಸುತ್ತಿದ್ದರು. "ಕೊಡಪಾನ ಬಿಡುವಾಗ ಯಾರಾದರೂ ನೋಡ್ತಾರೋ ಅಂತ ತಿರುಗಿ ನೋಡುದು ಅಭ್ಯಾಸ ಆಗಿದೆ ಮಾರಾಯ್ರೆ. ಯಾರೂ ನೋಡುದಿಲ್ಲ. ಆದರೂ ತಿರುಗ್ತೇನೆ. ಮುಷ್ಟಿ ಬಿಡಿಸಿ ಹಿಡಿದು ಹೋಗ್ತೇನೆ ಬಾವಿ ಹತ್ತಿರ. ಹಾಗೆ ಎಷ್ಟು ದಿನ ನೀರು ಸೇದುದು?"

ಅವರ ಬಾವಿಯಲ್ಲಿ ನೀರು ಸಿಕ್ಕಿದ ವಾರ ನಾನು ಕಡಬದಲ್ಲಿದ್ದೆ. ಹೊಸ ಬಾವಿಯ ತಳಕ್ಕೆ ನೆಲ್ಲಿಯ ಗೆಲ್ಲು ಹಾಕಿದರೆ ನೀರು ಸಿಹಿಯಾಗುತ್ತದೆ ಎಂಬುದು ಎರಡೂ ಮನೆಯವರಿಗೆ ಸಮಾನವಾದ ನಂಬಿಕೆ. ಅಣ್ಣ ಮರ ಹತ್ತಿ ಒಳ್ಳೆಯ ಗೆಲ್ಲುಗಳನ್ನು ಕಡಿದು ಬೇಲಿಯ ಮೇಲಿನಿಂದ ದಾಟಿಸಿದ. ಆಮೇಲೆ ಬ್ಯಾರಿಗಳು ಮೀನಿನ ವಿಷಯ ತೆಗೆದರು. ಎರಡೂ ನಿಮ್ಮವೇ, ತಕ್ಕೊಳ್ಳಿ ಎಂದ ಅಣ್ಣ. ಒಂದು ಸಾಕು, ಒಂದು ಇಲ್ಲಿಯೇ ಇರಲಿ, ಈ ಬಾವಿಗೂ ಜನ ಬೇಕಲ್ಲ ಎಂದರು ಬ್ಯಾರಿಗಳು.

ಅಕ್ಕಿ ಎಸೆದು, ಕೊಡಪಾನ ಇಳಿಸಿ, ತುಂಬ ಹೊತ್ತು ಕಾದು ಅಣ್ಣ ಒಂದನ್ನು ಹಿಡಿದ. ಅತ್ತಿಗೆ ಒಳಗೆ ಹೋಗಿ ಮಣ್ಣಿನ ಮಡಕೆಯೊಂದನ್ನು ತಂದರು. ಹೊಸತು, ಒಲೆ ಕಾಣದ್ದು. ಅದನ್ನು ಎರಡು ಸಲ ತೊಳೆದರು, ಬರೀ ನೀರಿನಲ್ಲಿ. ಮೀನು ಹಾಕಿ ಬೇಲಿಯ ಮೇಲಿನಿಂದ ಚಾಚಿದರು.

ಬ್ಯಾರಿಗಳು ಎರಡೂ ಕೈಯಿಂದ ಮಡಕೆ ತಗೊಂಡರು. ಹೊರಡುವ ಮೊದಲು ಒಮ್ಮೆ ಒಳಗೆ ಬಗ್ಗಿ ನೋಡಿದರು. ಮೀನನ್ನಲ್ಲ, ಮಡಕೆಯ ಬದಿಗಳನ್ನು, ತಳವನ್ನು. ತಲೆ ಎತ್ತಿದಾಗ ಅತ್ತಿಗೆ ಅವರನ್ನೇ ನೋಡುತ್ತಿದ್ದರು.